‘ಸ್ಕ್ವಿಡ್ ಗೇಮ್’: ಒಗಟು ಹುಡುಕುವ ಭರದಲ್ಲಿ ಕಾರ್ಖಾನೆ ಮರೆತುಹೋಯಿತು

ಸಂಪಾದಕರಿಗೆ,

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ‘ಸ್ಕ್ವಿಡ್ ಗೇಮ್’ ಸರಣಿಯ ‘ಅಡಗಿದ ರಹಸ್ಯಗಳು’ ಲೇಖನದ ಬಗ್ಗೆ ಈ ಪತ್ರ. 2021ರ ಸೆಪ್ಟೆಂಬರ್ 17ರಂದು ಮೊದಲ ಸೀಸನ್, 2024ರ ಡಿಸೆಂಬರ್ 26ರಂದು ಎರಡನೆಯದು, 2025ರ ಜೂನ್ 27ರಂದು ಮೂರನೆಯದು ಬಂದು, ಸಾಲದಲ್ಲಿ ಮುಳುಗಿದವರು ಬಹುಮಾನದ ಹಣಕ್ಕಾಗಿ ಮಕ್ಕಳ ಆಟಗಳನ್ನಾಡುವ, ಸೋತವರು ಸಾಯುವ ಈ ಕೊರಿಯನ್ ಕಥೆ ಮುಗಿದಿದೆ. ಈಗ ಅದನ್ನು ಕೂತು ಬಿಡಿಸಿ ನೋಡುವುದು ಒಳ್ಳೆಯ ಕೆಲಸವೇ. ಆದರೆ ನಿಮ್ಮ ಲೇಖನ ತಯಾರಕರು ಬೇಕೆಂದೇ ಇಟ್ಟದ್ದನ್ನೂ, ಅಭಿಮಾನಿಗಳ ಊಹೆಯನ್ನೂ ಕಲಸಿ ಬಡಿಸಿದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಇಡೀ ಸರಣಿಗೆ ಮೂಲವಾದ 2009ರ ಒಂದು ಕಾರ್ಖಾನೆಯ ಮುಷ್ಕರದ ಹೆಸರೇ ಅದರಲ್ಲಿಲ್ಲ. ಸರಣಿಯನ್ನು ಇನ್ನೂ ನೋಡದವರು ಈ ಪತ್ರವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಮುಂದೆ ಕಥೆಯ ಗುಟ್ಟುಗಳು ಬರುತ್ತವೆ.

ಮೊದಲು ಊಹೆಯ ಲೆಕ್ಕ ಮುಗಿಸೋಣ. ಮೆಟ್ರೋ ನಿಲ್ದಾಣದಲ್ಲಿ ಸೂಟು ತೊಟ್ಟವನೊಬ್ಬ ಕಥಾನಾಯಕ ಗಿ-ಹುನ್ ಮುಂದೆ ಕೆಂಪು ಮತ್ತು ನೀಲಿ ಕಾಗದದ ಮಡಿಕೆಗಳನ್ನು ಹಿಡಿಯುತ್ತಾನೆ. ಗಿ-ಹುನ್ ನೀಲಿ ಆರಿಸುತ್ತಾನೆ. ಕೆಂಪು ಆರಿಸಿದ್ದರೆ ಆಟಗಾರನಾಗುವ ಬದಲು ಗುಲಾಬಿ ಉಡುಪಿನ ಕಾವಲುಗಾರನಾಗುತ್ತಿದ್ದ ಎಂದು ನೀವು ಬರೆದಿದ್ದೀರಿ. ಇದು ಅಂತರ್ಜಾಲದಲ್ಲಿ ಹುಟ್ಟಿದ ಊಹೆ. ಆ ದೃಶ್ಯದಲ್ಲಾಗಲಿ, ಆಮೇಲೆ ಆಟಗಾರರು ಕಣ್ಣು ಬಿಡುವಲ್ಲಾಗಲಿ ಇದಕ್ಕೆ ಆಧಾರವಿಲ್ಲ. ಆಟ 1988ರಿಂದ ನಡೆಯುತ್ತಿದೆ, ಸೋಲ್ ಒಲಿಂಪಿಕ್ಸ್ ನಡೆದದ್ದೂ ಅದೇ ವರ್ಷ, ಆದ್ದರಿಂದ ಇದು ಸಂಕೇತ ಎಂಬ ಮಾತೂ ಹಾಗೆಯೇ. ವರ್ಷದ ಲೆಕ್ಕ ಸರಿಯಾಗಿಯೇ ಇದೆ: 2015ರದ್ದು 28ನೇ ಆಟ, 2020ರದ್ದು 33ನೆಯದು, ಹಿಂದಕ್ಕೆ ಎಣಿಸಿದರೆ 1988 ಬರುತ್ತದೆ. ಒಲಿಂಪಿಕ್ಸ್ ನಂಟು ನೋಡುಗರು ಕಟ್ಟಿಕೊಂಡದ್ದು. ಕಟ್ಟಿಕೊಳ್ಳಲಿ, ತಪ್ಪಿಲ್ಲ. ಆದರೆ ‘ನಿರ್ದೇಶಕರು ಅಡಗಿಸಿಟ್ಟ ರಹಸ್ಯ’ ಎಂಬ ಶೀರ್ಷಿಕೆಯಡಿ ಅದನ್ನು ಹಾಕಬಾರದಿತ್ತು.

001ನೇ ನಂಬರಿನ ಮುದುಕ ಓ ಇಲ್-ನಮ್ ವಿಷಯ ಹಾಗಲ್ಲ. ಅವನೇ ಆಟದ ಒಡೆಯ ಎಂಬುದಕ್ಕೆ ಸುಳಿವುಗಳನ್ನು ಬೇಕೆಂದೇ ಇಟ್ಟಿದ್ದಾರೆ, ಪ್ರತಿಯೊಂದನ್ನೂ ತೆರೆಯ ಮೇಲೆ ಬೊಟ್ಟು ಮಾಡಿ ತೋರಿಸಬಹುದು. ಪೊಲೀಸ್ ಅಧಿಕಾರಿ ಜುನ್-ಹೋ ಕಡತಗಳ ಕೋಣೆಗೆ ನುಗ್ಗಿ ಆ ವರ್ಷದ ಆಟಗಾರರ ಪುಸ್ತಕ ಮಗುಚಿದಾಗ 001ರ ಪುಟವೇ ಇರುವುದಿಲ್ಲ. ಗೋಲಿಯಾಟದಲ್ಲಿ ಸೋತ ಉಳಿದವರ ಸಾವೋ ಶವವೋ ಕಣ್ಣಿಗೆ ಬೀಳುತ್ತದೆ. ಮುದುಕನದು ಗುಂಡಿನ ಸದ್ದು ಮಾತ್ರ, ಕ್ಯಾಮೆರಾ ಗಿ-ಹುನ್ ಮುಖದ ಮೇಲೆ ನಿಂತಿರುತ್ತದೆ. ಎಲ್ಲಕ್ಕಿಂತ ಜಾಣತನದ್ದು ಮೊದಲ ಮತದಾನ. ಮೊದಲ ಆಟದಲ್ಲಿ 456 ಜನರಲ್ಲಿ 255 ಮಂದಿ ಸತ್ತು 201 ಉಳಿಯುತ್ತಾರೆ. ಮತ ಹಾಕುವ ಕ್ರಮ ನಂಬರಿನ ಹಿಮ್ಮುಖವಾಗಿ, ಅಂದರೆ 456ರಿಂದ ಕೆಳಕ್ಕೆ. ನೂರಕ್ಕೆ ನೂರು ಸಮವಾದಾಗ ಉಳಿದಿರುವುದು 001 ಒಂದೇ. ಅವನು ‘ಆಟ ಬೇಡ’ ಎಂದು ಒತ್ತುತ್ತಾನೆ. ಆಟದ ಒಡೆಯನೇ ಆಟ ನಿಲ್ಲಿಸುತ್ತಾನೆ, ಏಕೆಂದರೆ ಅವರು ತಾವಾಗಿಯೇ ವಾಪಸು ಬರುತ್ತಾರೆಂಬುದು ಅವನಿಗೆ ಗೊತ್ತು. ಬಂದವರು 187 ಮಂದಿ. ಇಡೀ ಸರಣಿಯ ವಾದ ಈ ಎರಡು ಸಂಖ್ಯೆಗಳಲ್ಲಿದೆ. ಒತ್ತಾಯವಿಲ್ಲ, ಬಾಗಿಲು ತೆರೆದಿದೆ, ಆದರೂ 201ರಲ್ಲಿ 187 ಜನ ಮರಳುತ್ತಾರೆ.

ಮುಂದಿನ ಎರಡು ಸೀಸನ್‌ಗಳಲ್ಲಿ ಆಟಗಳ ನಡುವೆ ಮತ್ತೆ ಮತ್ತೆ ಮತದಾನ ತಂದು, ಎದೆಯ ಮೇಲೆ ನೀಲಿ ವೃತ್ತ ಇಲ್ಲವೆ ಕೆಂಪು ಗುಣಾಕಾರದ ಪಟ್ಟಿ ಅಂಟಿಸಿದ್ದು ಇದೇ ಎಳೆಯ ಮುಂದುವರಿಕೆ. ಮೊದಲ ಸಲದಷ್ಟು ಹರಿತ ಅದಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಮ್ಮೆ ಸದ್ದಿಲ್ಲದೆ ಹೇಳಿದ್ದನ್ನು ಮತ್ತೆ ಮತ್ತೆ ಹೇಳಿದಂತಾಯಿತು.

ಈಗ ಕಾರ್ಖಾನೆಗೆ ಬರೋಣ. 2009ರಲ್ಲಿ ಸ್ಯಾಂಗ್‌ಯಾಂಗ್ ಮೋಟಾರ್ ಕಂಪನಿ 2,646 ನೌಕರರನ್ನು ಕಡಿತಗೊಳಿಸುವ ಯೋಜನೆ ಪ್ರಕಟಿಸಿತು. ಪ್ಯೊಂಗ್ಟೇಕ್ ನಗರದ ಕಾರ್ಖಾನೆಯನ್ನು ಕಾರ್ಮಿಕರು 77 ದಿನ ಹಿಡಿದು ಕೂತರು. ಕೊನೆಗೆ ಹೆಲಿಕಾಪ್ಟರ್ ಸಮೇತ ಬಂದ ಪೊಲೀಸ್ ಪಡೆ ಅವರನ್ನು ಬಲವಂತವಾಗಿ ತೆರವು ಮಾಡಿತು. ಕೆಲಸ ಕಳೆದುಕೊಂಡವರಲ್ಲಿ, ಅವರ ಮನೆಮಂದಿಯಲ್ಲಿ ಮುಂದಿನ ವರ್ಷಗಳಲ್ಲಿ ಹಲವು ಆತ್ಮಹತ್ಯೆಗಳಾದವು. ಸರಣಿಯಲ್ಲಿ ಗಿ-ಹುನ್ ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರು ‘ಡ್ರ್ಯಾಗನ್ ಮೋಟಾರ್ಸ್’. ಗಿ-ಹುನ್ ಹಿನ್ನೆಲೆಗೆ ಪ್ರೇರಣೆ ಇದೇ ಮುಷ್ಕರ ಎಂದು ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯೂಕ್ ಬಹಿರಂಗವಾಗಿ ಹೇಳಿದ್ದಾರೆ.

ಐದನೇ ಕಂತನ್ನು ಈ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿ. ರಾತ್ರಿ ದಾಳಿಯ ಭಯದಿಂದ ಗಿ-ಹುನ್ ತಂಡ ಮಂಚಗಳನ್ನು ಎಳೆದು ಅಡ್ಡಗಟ್ಟೆ ಕಟ್ಟುತ್ತದೆ, ಸರದಿಯ ಮೇಲೆ ಕಾವಲು ಕೂರುತ್ತದೆ. ಗಿ-ಹುನ್ ಕಣ್ಣೆದುರು ಹಳೆಯ ರಾತ್ರಿ ಬರುತ್ತದೆ: ಕಾರ್ಖಾನೆಯೊಳಗಿನ ಅಡ್ಡಗಟ್ಟೆ, ನುಗ್ಗಿದ ಪಡೆ, ಎದುರಿಗೇ ಸತ್ತ ಸಹೋದ್ಯೋಗಿ. ಮಗಳು ಹುಟ್ಟಿದ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಇಲ್ಲದ್ದಕ್ಕೂ ಅದೇ ಕಾರಣ. ಅಲ್ಲಿಯವರೆಗೆ ತಾಯಿಯ ಹಣ ಕದ್ದು ಕುದುರೆ ಜೂಜಿಗೆ ಕಟ್ಟುವ ಉಡಾಫೆ ಮನುಷ್ಯನಂತೆ ಕಂಡವನು ಯಾಕೆ ಹಾಗಾದ ಎಂಬುದು ಈ ಒಂದು ದೃಶ್ಯದಲ್ಲಿ ತಿಳಿಯುತ್ತದೆ. ಗೋಡೆಯ ಚಿತ್ರ, ಮುಖವಾಡದ ಆಕಾರ ಎಲ್ಲ ಇದರ ಮುಂದೆ ಅಲಂಕಾರ.

ಭಾರತದ ಓದುಗರಿಗೆ ಇಲ್ಲಿ ಇನ್ನೊಂದು ಕೊಂಡಿಯಿದೆ, ನಿಮ್ಮ ವಾಣಿಜ್ಯ ಪುಟದವರಿಗೆ ನೆನಪಿರಬಹುದು. ಮುಷ್ಕರ ಮುಗಿದು ಎರಡು ವರ್ಷಕ್ಕೆ, 2011ರಲ್ಲಿ, ಸ್ಯಾಂಗ್‌ಯಾಂಗ್ ಕಂಪನಿಯನ್ನು ಕೊಂಡದ್ದು ನಮ್ಮ ಮಹೀಂದ್ರ. 2022ರಲ್ಲಿ ಅದು ಕೊರಿಯಾದ ಕೆಜಿ ಸಮೂಹದ ಪಾಲಾಯಿತು, ಈಗಿನ ಹೆಸರು ಕೆಜಿ ಮೊಬಿಲಿಟಿ.

ಸೆಟ್ಟಿನ ವಿಷಯ. ಕಲಾ ನಿರ್ದೇಶಕಿ ಚೇ ಕ್ಯೊಂಗ್-ಸನ್ ಮತ್ತು ತಂಡಕ್ಕೆ 2022ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಬಂತು. ಅದೇ ವರ್ಷ ಹ್ವಾಂಗ್ ಅವರಿಗೆ ನಿರ್ದೇಶನಕ್ಕೆ, ಗಿ-ಹುನ್ ಪಾತ್ರಧಾರಿ ಲೀ ಜಂಗ್-ಜೇ ಅವರಿಗೆ ನಟನೆಗೆ ಎಮ್ಮಿ ಸಿಕ್ಕಿತು. ನಿಮ್ಮ ಲೇಖನ ಚೇ ಅವರ ಹೆಸರನ್ನು ಒಮ್ಮೆಯೂ ಎತ್ತಿಲ್ಲ, ಆದರೆ ‘ರಹಸ್ಯ’ಗಳಲ್ಲಿ ಅರ್ಧದಷ್ಟು ಅವರ ವಿಭಾಗದ ಕೆಲಸ. ಮಲಗುವ ಸಭಾಂಗಣವನ್ನೇ ತೆಗೆದುಕೊಳ್ಳಿ. ಮಂಚಗಳನ್ನು ಉಗ್ರಾಣದ ಕಪಾಟಿನಂತೆ ಮೇಲಿನಿಂದ ಮೇಲೆ ಪೇರಿಸಿದ್ದಾರೆ. ಮನುಷ್ಯರನ್ನು ಸರಕಿನಂತೆ ಜೋಡಿಸಿಟ್ಟ ಭಾವ ಬರಲೆಂದು. ಆಟಗಾರರು ಸತ್ತಂತೆ ಮಂಚಗಳು ಖಾಲಿಯಾಗಿ ತೆರವಾಗುತ್ತವೆ. ಆಗ ಹಿಂದಿನ ಬಿಳಿ ಗೋಡೆಯ ಮೇಲೆ ಆರೂ ಆಟಗಳ ಚಿತ್ರಗಳು ಕಾಣತೊಡಗುತ್ತವೆ. ಮೊದಲ ದಿನದಿಂದಲೂ ಉತ್ತರ ಅವರ ತಲೆಯ ಹಿಂದೆಯೇ ಇತ್ತು, ಪಕ್ಕದವನನ್ನು ಹೇಗೆ ಸೋಲಿಸುವುದೆಂದು ನೋಡುತ್ತಿದ್ದವರಿಗೆ ಗೋಡೆ ಕಾಣಲಿಲ್ಲ. ಇದು ‘ತಯಾರಕರ ಎಡವಟ್ಟಿನಿಂದ ಬಯಲಾದ ಸುಳಿವು’ ಅಲ್ಲ. ಮಂಚಗಳ ಸಂಖ್ಯೆ ಕಂತಿನಿಂದ ಕಂತಿಗೆ ಇಳಿಯುವಂತೆ ಲೆಕ್ಕ ಹಾಕಿ ಮಾಡಿದ ವಿನ್ಯಾಸ.

ಗುಲಾಬಿ, ಹಸಿರು, ಹಳದಿ ಮೆಟ್ಟಿಲುಗಳ ಗೋಜಲಿಗೆ ಮೂಲ ಡಚ್ ಕಲಾವಿದ ಎಷರ್ 1953ರಲ್ಲಿ ಮಾಡಿದ ‘ರಿಲೇಟಿವಿಟಿ’ ಎಂಬ ಕಲ್ಲಚ್ಚು. ಅದರಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ತೀರ್ಮಾನವಾಗುವುದಿಲ್ಲ. ಗೋಲಿಯಾಟದ ಓಣಿಯೂ ಪೂರ್ತಿ ಒಳಾಂಗಣದಲ್ಲಿ ಕಟ್ಟಿದ ಸೆಟ್ಟು. ಹಳೆಯ ಸೋಲ್ ಬಡಾವಣೆಯ ಗೇಟುಗಳು, ಮುಳುಗುವ ಸೂರ್ಯನ ಬಣ್ಣ ಎಲ್ಲ ಇದೆ. ಬಾಗಿಲುಗಳಿವೆ, ಒಳಗೆ ಮನೆಯಿಲ್ಲ. ನಾಟಕದ ರಂಗಸಜ್ಜಿಕೆಯಂತೆ ಅರ್ಧ ನಿಜ, ಅರ್ಧ ಸುಳ್ಳು ಕಾಣಬೇಕೆಂಬುದು ಬೇಕೆಂದೇ ಮಾಡಿದ ಆಯ್ಕೆ, ಏಕೆಂದರೆ ಅದು ಮುದುಕ ಇಲ್-ನಮ್‌ನ ನೆನಪಿನ ಓಣಿ. ಮೊದಲ ಆಟದ ದೈತ್ಯ ಬೊಂಬೆ ಯಂಗ್-ಹೀ ಬಂದದ್ದು ಕೊರಿಯಾದ ಹಳೆಯ ಶಾಲಾ ಪಠ್ಯಪುಸ್ತಕದಿಂದ. ಅಲ್ಲಿ ಅವಳ ಜೊತೆಗಾರ ಚುಲ್-ಸು ಎಂಬ ಹುಡುಗ, ಎರಡನೇ ಸೀಸನ್ನಿನ ಕೊನೆಯಲ್ಲಿ ಅವನೂ ತಲೆ ತೋರಿಸುತ್ತಾನೆ.

ಮುಖವಾಡದ ಮೂರು ಆಕಾರಗಳ ಬಗ್ಗೆ ನೀವು ಬರೆದದ್ದು ಸರಿಯಿದೆ: ವೃತ್ತ ಕೂಲಿಯವರು, ತ್ರಿಕೋನ ಬಂದೂಕಿನವರು, ಚೌಕ ಮೇಲ್ವಿಚಾರಕರು. ಇವು ನೆಲದ ಮೇಲೆ ಬರೆಯುವ ‘ಸ್ಕ್ವಿಡ್’ ಎಂಬ ಮಕ್ಕಳ ಆಟದ ಅಂಕಣದ ಆಕಾರಗಳೂ ಹೌದು. ಬಿಟ್ಟುಹೋದದ್ದು ಒಂದು: ಮೇಲಿನವರು ಕೇಳದೆ ವೃತ್ತದವರು ಬಾಯಿ ತೆರೆಯುವಂತಿಲ್ಲ, ಮುಖವಾಡ ತೆಗೆದರೆ ಸಾವು. ಆಟಗಾರರಿಗೆ ಕನಿಷ್ಠ ಮತವಿದೆ. ಇವರಿಗೆ ಅದೂ ಇಲ್ಲ.

ಸಂಗೀತದ ಬಗ್ಗೆ ಲೇಖನದಲ್ಲಿ ಇದ್ದದ್ದು ಒಂದೇ ಸಾಲು, ಅದೂ ‘ಭಯಾನಕ’ ಎಂಬ ವಿಶೇಷಣ. ಸಂಗೀತ ನಿರ್ದೇಶಕ ಜಂಗ್ ಜೇ-ಇಲ್ ಮುಖ್ಯ ಧಾಟಿಗೆ ಬಳಸಿದ್ದು ಕೊರಿಯಾದ ಪ್ರಾಥಮಿಕ ಶಾಲೆಯ ಮಕ್ಕಳು ಊದುವ ರೆಕಾರ್ಡರ್ ಎಂಬ ಕೊಳಲು. ಲಯ ಮೂರು-ಮೂರು-ಏಳು ಚಪ್ಪಾಳೆಯದು, ಕೊರಿಯಾದಲ್ಲಿ ಆಟಗಾರರನ್ನು ಹುರಿದುಂಬಿಸಲು ತಟ್ಟುವುದು ಹೀಗೆಯೇ. ಬೆಳಗ್ಗೆ ಆಟಗಾರರನ್ನು ಎಬ್ಬಿಸಲು ಹಾಕುವುದು ಹೇಡನ್‌ನ ಟ್ರಂಪೆಟ್ ಕಾನ್ಸರ್ಟೊ. ಹೊರಗಿನವರಿಗೆ ಅದು ಬರೀ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಕೊರಿಯಾದ ನಡುವಯಸ್ಸಿನವರಿಗೆ ಅದು 1973ರಲ್ಲಿ ಶುರುವಾದ ‘ಜಾಂಗ್ಹಾಕ್ ಕ್ವಿಜ್’ ಎಂಬ ಟಿವಿ ಕಾರ್ಯಕ್ರಮದ ಆರಂಭದ ಸಂಗೀತ. ಪ್ರೌಢಶಾಲೆಯ ಜಾಣ ಮಕ್ಕಳು ವಿದ್ಯಾರ್ಥಿವೇತನಕ್ಕಾಗಿ ಸ್ಪರ್ಧಿಸುತ್ತಿದ್ದ ಕಾರ್ಯಕ್ರಮ ಅದು. ಓದಿ ಮೇಲೆ ಬಂದೇ ಬರುತ್ತೇವೆ ಎಂದು ನಂಬಿದ್ದ ಪೀಳಿಗೆಯನ್ನು ಸಾಲಗಾರರನ್ನಾಗಿ ಮಾಡಿ ಅದೇ ಸಂಗೀತದಿಂದ ಎಬ್ಬಿಸುವುದಕ್ಕಿಂತ ಕಟುವಾದ ವ್ಯಂಗ್ಯ ಈ ಸರಣಿಯಲ್ಲಿ ಇನ್ನೊಂದಿಲ್ಲ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಓದಿದ ಆಟಗಾರ ಸಾಂಗ್-ವೂ ಅದನ್ನು ಕೇಳುತ್ತಾ ಏಳುತ್ತಾನೆಂಬುದನ್ನು ಮರೆಯಬಾರದು.

ಗಾಜಿನ ಸೇತುವೆಯ ಆಟವನ್ನು ‘ಬರೀ ಅದೃಷ್ಟದ ಆಟ’ ಎಂದಿದ್ದೀರಿ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಅಲ್ಲಿ 18 ಜೋಡಿ ಗಾಜು, 16 ಆಟಗಾರರು, 16 ನಿಮಿಷ. ಪ್ರತಿ ಜೋಡಿಯಲ್ಲಿ ಒಂದು ಭಾರ ತಾಳುವ ಟಫನ್ಡ್ ಗ್ಲಾಸ್, ಇನ್ನೊಂದು ತುಳಿದರೆ ಒಡೆಯುವ ಮಾಮೂಲಿ ಗಾಜು. ಮೊದಲನೆಯವನು ಒಬ್ಬನೇ ಕೊನೆ ಮುಟ್ಟುವ ಸಾಧ್ಯತೆ 2,62,144ರಲ್ಲಿ ಒಂದು. ಆದರೆ ಒಬ್ಬ ಬಿದ್ದರೆ ಆ ಜೋಡಿಯ ಗುಟ್ಟು ಹಿಂದಿನವರಿಗೆಲ್ಲ ತಿಳಿಯುತ್ತದೆ. ಪ್ರತಿ ಜೋಡಿ ಒಂದು ಜೀವ ತೆಗೆಯುವ ಸಾಧ್ಯತೆ ಅರ್ಧ, ಹಾಗಾಗಿ 18 ಜೋಡಿಗೆ ಸರಾಸರಿ ಒಂಬತ್ತು ಸಾವು. ಎಲ್ಲರೂ ಸುಮ್ಮನೆ ಸಾಲಿನಲ್ಲಿ ನಡೆದಿದ್ದರೆ ಏಳು ಜನ ದಾಟಬೇಕಿತ್ತು. ದಾಟಿದ್ದು ಮೂವರು. ಮುಂದೆ ಹೋಗಲು ಒಪ್ಪದೆ ದಾರಿ ಕಟ್ಟಿ ನಿಂತದ್ದು, ಒಬ್ಬರನ್ನೊಬ್ಬರು ತಳ್ಳಿದ್ದು, ತಬ್ಬಿಕೊಂಡು ಬಿದ್ದದ್ದು ಇವುಗಳ ಲೆಕ್ಕವೇ ಆ ವ್ಯತ್ಯಾಸ.

ಗಾಜಿನ ಕಾರ್ಖಾನೆಯಲ್ಲಿ ದುಡಿದವನೊಬ್ಬ ಬೆಳಕಿನಲ್ಲಿ ಗಾಜನ್ನು ನೋಡಿಯೇ ಗುರುತು ಹಿಡಿಯುತ್ತಾನಲ್ಲ, ಅದು ಕಟ್ಟುಕತೆಯಲ್ಲ. ಟಫನ್ಡ್ ಗ್ಲಾಸ್ ಮಾಡಲು ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಬದಿಯಿಂದ ಗಾಳಿಯ ಸೆಲೆ ಬಿಟ್ಟು ಥಟ್ಟನೆ ಆರಿಸುತ್ತಾರೆ. ಹೊರಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಆರಿ ಕುಗ್ಗುವಾಗ ಹೊರಪದರವನ್ನು ಬಿಗಿಯಾಗಿ ಒತ್ತುತ್ತದೆ. ಈ ಒತ್ತಡದಿಂದಲೇ ಅದಕ್ಕೆ ಮಾಮೂಲಿ ಗಾಜಿನ ಸುಮಾರು ನಾಲ್ಕು ಪಟ್ಟು ಬಲ, ಒಡೆದರೆ ಉದ್ದನೆಯ ಚೂಪು ಚೂರುಗಳ ಬದಲು ಸಣ್ಣ ಹರಳುಗಳು. ಗಾಳಿ ಬಡಿದ ಕಡೆ ಒತ್ತಡ ಹೆಚ್ಚುಕಡಿಮೆಯಾಗಿ ಉಳಿಯುವುದರಿಂದ ಓರೆ ಬೆಳಕಿನಲ್ಲಿ ಮಸುಕು ಕಲೆಗಳು ಕಾಣುತ್ತವೆ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಕಾರಿನ ಹಿಂದಿನ ಗಾಜು ನೋಡಿದರೆ ಯಾರಿಗೂ ಸಿಗುತ್ತವೆ. ಆಟದ ಉಸ್ತುವಾರಿ ಹೊತ್ತ ‘ಫ್ರಂಟ್ ಮ್ಯಾನ್’ ದೀಪ ಆರಿಸಿಬಿಡುವುದು ಇದಕ್ಕೇ. ಅನುಭವದಿಂದ ಬಂದ ಕಸುಬಿನ ಜ್ಞಾನ ಕೆಲಸಕ್ಕೆ ಬರುತ್ತಿದೆ ಎಂದಾದ ಕೂಡಲೇ ನಿಯಮ ಬದಲಾಗುತ್ತದೆ. ‘ಎಲ್ಲರಿಗೂ ಸಮಾನ ಅವಕಾಶ’ ಎಂದು ಬಾಯಿತುಂಬ ಹೇಳುವವನು ಮಾಡುವ ಕೆಲಸ ಇದು. ಅಂದಹಾಗೆ ಚಿತ್ರೀಕರಣದಲ್ಲಿ ಆ ಸೇತುವೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿತ್ತು ಅಷ್ಟೆ, ಪಾತಾಳವನ್ನು ಆಮೇಲೆ ಕಂಪ್ಯೂಟರಿನಲ್ಲಿ ತೋಡಿದರು.

199ನೇ ನಂಬರಿನ ಅಲಿ ಪಾತ್ರಧಾರಿಯನ್ನು ‘ಪಾಕಿಸ್ತಾನದ ನಟ’ ಎಂದು ಬರೆದಿರುವುದು ತಪ್ಪು. ಅಲಿ ಪಾಕಿಸ್ತಾನದ ವಲಸೆ ಕಾರ್ಮಿಕ, ಆದರೆ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ದೆಹಲಿಯವರು. ಅಲ್ಲಿ ರಂಗಭೂಮಿಯಲ್ಲಿದ್ದು, 2010ರಲ್ಲಿ ವಿದ್ಯಾರ್ಥಿವೇತನ ಪಡೆದು ಕೊರಿಯಾದ ರಾಷ್ಟ್ರೀಯ ಕಲಾ ವಿಶ್ವವಿದ್ಯಾಲಯಕ್ಕೆ ಹೋದವರು.

ತಯಾರಕರು ನಿಜವಾಗಿ ಎಡವಿದ್ದು ಎಲ್ಲಿ ಎಂದರೆ ಫೋನ್ ನಂಬರಿನಲ್ಲಿ. ಆಹ್ವಾನದ ಕಾರ್ಡಿನ ಮೇಲೆ ಎಂಟು ಅಂಕಿ ತೋರಿಸಿದ್ದರು. ಕೊರಿಯಾದಲ್ಲಿ ಮೊಬೈಲ್ ನಂಬರುಗಳಿಗೆ ಮುಂದೆ 010 ಇರುತ್ತದೆ, ಅದಿಲ್ಲದಿದ್ದರೆ ಯಾರಿಗೂ ತಾಗದು ಎಂಬ ಧೈರ್ಯ. ಆದರೆ ಮೊಬೈಲಿನಿಂದ ಎಂಟೇ ಅಂಕಿ ಒತ್ತಿದರೂ 010 ತಾನಾಗಿ ಸೇರಿಕೊಳ್ಳುತ್ತದೆ. ಆ ನಂಬರು ಬಳಸುತ್ತಿದ್ದ ಒಬ್ಬರಿಗೆ ಹಗಲು ರಾತ್ರಿ ಸಾವಿರಾರು ಕರೆಗಳು ಬಂದವು. 2021ರ ಅಕ್ಟೋಬರ್‌ನಲ್ಲಿ ಆ ದೃಶ್ಯಗಳನ್ನು ತಿದ್ದಿ ಹಾಕಬೇಕಾಯಿತು. ಅಮೆರಿಕದಲ್ಲಿ 555-0100ರಿಂದ 555-0199ರವರೆಗಿನ ನಂಬರುಗಳನ್ನು ಕಥೆ, ಸಿನಿಮಾಗಳಿಗೆಂದೇ ಮೀಸಲಿಟ್ಟಿರುವುದು ಇಂಥ ಫಜೀತಿ ಆಗಬಾರದೆಂದು. ನಮ್ಮ ಧಾರಾವಾಹಿಗಳವರೂ ಪರದೆಯ ಮೇಲೆ ಹತ್ತು ಅಂಕಿ ತೋರಿಸುವ ಮುನ್ನ ಆ ನಂಬರಿಗೆ ಒಮ್ಮೆ ಕರೆ ಮಾಡಿ ನೋಡುವುದು ಲೇಸು.

ಕೊನೆಯದಾಗಿ, ತುರ್ತಾಗಿ ತಿದ್ದಬೇಕಾದದ್ದು ಲೇಖನದ ಪಕ್ಕದ ಚೌಕಟ್ಟಿನಲ್ಲಿರುವ, ಡಲ್ಗೋನಾ ಎಂಬ ಕೊರಿಯಾದ ಸಕ್ಕರೆ ಮಿಠಾಯಿ ಮಾಡುವ ವಿಧಾನ. ‘ಒಂದು ಲೋಟ ನೀರು, ಒಂದು ಚಮಚ ಸೋಡಾ’ ಎಂದು ಅಚ್ಚಾಗಿದೆ. ಹಾಗೆ ಮಾಡಿದರೆ ಕಹಿ ಪಾಯಸವಾಗುತ್ತದೆ. ಇದು ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ನೀರು ಹಾಕಿ ಪಾಕ ಎಳೆದು ಮಾಡುವುದಲ್ಲ, ನೀರೇ ಬೇಡ. ಉದ್ದ ಹಿಡಿಯ ಸ್ಟೀಲ್ ಸೌಟಿಗೆ ಎರಡು ದೊಡ್ಡ ಚಮಚ, ಸುಮಾರು 25 ಗ್ರಾಂ, ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಹಿಡಿಯಿರಿ. ಅಂಚು ಕರಗಲು ಶುರುವಾದ ಮೇಲೆ ಮರದ ಕಡ್ಡಿಯಿಂದ ಕಲಕಿ. ಒಂದು ಕಾಳೂ ಉಳಿಯದೆ ತಿಳಿ ಜೇನಿನ ಬಣ್ಣ ಬಂದ ಕೂಡಲೇ ಉರಿಯಿಂದ ಇಳಿಸಬೇಕು, ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಕಹಿ. ಈಗ ಅಡುಗೆ ಸೋಡಾ, ಕಾಲು ಟೀ ಚಮಚದ ಅರ್ಧಕ್ಕಿಂತ ಹೆಚ್ಚಿಲ್ಲ. ಬಿಸಿಗೆ ಸೋಡಾ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಪಾಕ ನೊರೆಯೆದ್ದು ಮಸುಕು ಹಳದಿಗೆ ತಿರುಗುತ್ತದೆ. ಹತ್ತು ಸೆಕೆಂಡ್ ಬಿರುಸಾಗಿ ಕಲಕಿ, ಎಣ್ಣೆ ಸವರಿದ ತಟ್ಟೆಗೆ ಸುರಿದು, ಮೇಲ್ಮೈ ಹೊಳಪು ಕಳೆದುಕೊಳ್ಳುವವರೆಗೆ ಕಾದು, ಎಣ್ಣೆ ಸವರಿದ ಚಪ್ಪಟೆ ತಳದ ಬಟ್ಟಲಿನಿಂದ ಮೂರ್ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಒತ್ತಿ. ಬೇಗ ಒತ್ತಿದರೆ ಅಂಟುತ್ತದೆ, ತಡವಾದರೆ ಬಿರುಕು. ಬೆಚ್ಚಗಿರುವಾಗಲೇ ಅಚ್ಚನ್ನು ದಪ್ಪದ ಅರ್ಧದಷ್ಟು ಮಾತ್ರ ಊರಬೇಕು.

ಸರಣಿಯಲ್ಲಿ ಈ ಮಿಠಾಯಿಗೆ ಒತ್ತಿದ ಆಕಾರವನ್ನು ಮುರಿಯದೆ ಬಿಡಿಸುವ ಆಟದಲ್ಲಿ ಛತ್ರಿ ಸಿಕ್ಕವರು ಕಂಗಾಲಾಗುವುದಕ್ಕೂ ಕಾರಣ ಇಲ್ಲೇ ಇದೆ. ವೃತ್ತ, ತ್ರಿಕೋನಗಳಿಗೆ ಒಳಮುಖ ಮೂಲೆಗಳಿಲ್ಲ. ಛತ್ರಿಯ ಅಂಚಿನ ಒಳತಿರುವುಗಳಲ್ಲಿ, ಹಿಡಿ ಸೇರುವ ಕಡೆ ಒತ್ತಡವೆಲ್ಲ ಒಂದೇ ಬಿಂದುವಿಗೆ ಬಿದ್ದು ಅಲ್ಲೇ ಸೀಳುತ್ತದೆ. ಗಿ-ಹುನ್ ಹಿಂಬದಿಯಿಂದ ನೆಕ್ಕಿದ್ದು ಸರಿಯಾದ ಉಪಾಯ: ಅಚ್ಚಿನ ಗೆರೆಯಲ್ಲಿ ಸಕ್ಕರೆ ತೆಳುವಾಗಿರುವುದರಿಂದ ಮೊದಲು ಕರಗುವುದು ಅದೇ. ಸೋಲ್‌ನಲ್ಲಿ ಬೀದಿಬದಿ ಡಲ್ಗೋನಾ ಮಾರುವವರನ್ನೇ ಕರೆಸಿ ಸೆಟ್ಟಿಗೆ ಬೇಕಾದದ್ದನ್ನು ಮಾಡಿಸಿದ್ದರು. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಮಾಡಹೊರಟವರಿಗೆ ಒಂದು ಮಾತು: ಗಾಳಿಯ ತೇವ ಹೀರಿ ಅದು ಕಾಲು ಗಂಟೆಯಲ್ಲಿ ಜಿಗುಟಾಗುತ್ತದೆ, ಗಾಳಿಯಾಡದ ಡಬ್ಬಿ ಬೇಕೇ ಬೇಕು.

ಚೌಕಟ್ಟಿನ ಮೇಲೆ ‘ಮಕ್ಕಳೇ, ನೀವೂ ಮಾಡಿ’ ಎಂದು ಬರೆದಿದ್ದೀರಿ. ಕರಗಿದ ಸಕ್ಕರೆಯ ಬಿಸಿ 160 ಡಿಗ್ರಿ ದಾಟಿರುತ್ತದೆ, ಕುದಿಯುವ ನೀರಿನಂತೆ ಜಾರಿ ಹೋಗದೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ದೊಡ್ಡವರು ಒಲೆ ಹಿಡಿಯಬೇಕು, ಪಕ್ಕದಲ್ಲೇ ಒಂದು ಪಾತ್ರೆ ತಣ್ಣೀರು ಇರಬೇಕು ಎಂಬ ತಿದ್ದುಪಡಿಯನ್ನು ಮುಂದಿನ ಭಾನುವಾರ ಕಾಯದೆ ನಾಳೆಯ ಪತ್ರಿಕೆಯಲ್ಲೇ ಹಾಕಿ. ಉಳಿದ ತಪ್ಪುಗಳು ಪುರವಣಿಗೆ ಕಾಯಬಹುದು.

ಇಂತಿ,
ಇಬ್ಬರು ಓದುಗರು, ಮೈಸೂರು